ಲೋಟದಲ್ಲಿ ಹಿಡಿದ ಇಂಗಾಲ

ಲೋಕಲ್ ರೈಲು ತಡವಾಗಬಹುದಿತ್ತು. ಪ್ರೊಜೆಕ್ಟರ್ ಕೈಕೊಡಬಹುದಿತ್ತು. ಮೈಕ್ ಕಿರುಚಬಹುದಿತ್ತು, ಅದು ಸುಮ್ಮನಾದಾಗ ನನ್ನ ಗಂಟಲು ಕಿರುಚಬಹುದಿತ್ತು. ಮಾಟುಂಗದ ಕನ್ನಡ ಸಂಘದಲ್ಲಿ ‘ಇಂಗಾಲ ಸೆರೆ: ಲಾಭವೋ, ನಷ್ಟವೋ?’ ಎಂಬ ನನ್ನ ಉಪನ್ಯಾಸಕ್ಕೆ ಯಾರೂ ಬಾರದಿರಬಹುದಿತ್ತು. ಇನ್ನೂ ಭಯಂಕರವೆಂದರೆ, ಎಲ್ಲರೂ ಬಂದುಬಿಡಬಹುದಿತ್ತು. ಘಾಟ್ಕೋಪರಿನಲ್ಲಿ ರೈಲು ಹತ್ತುವ ಮೊದಲೇ ಇವೆಲ್ಲಕ್ಕೂ ಪರಿಹಾರ ಯೋಚಿಸಿಟ್ಟಿದ್ದೆ.

ನಾನೊಂದು ಸಿಮೆಂಟ್ ಕಂಪನಿಯ ಪರಿಸರ ವಿಭಾಗದಲ್ಲಿದ್ದೇನೆ. ಚಿಮಣಿಯ ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಹಿಡಿದು ನೆಲದಾಳದಲ್ಲಿ ಹೂಳುವ ಯೋಜನೆ ನಮ್ಮದು. ಸಂಘದವರು ಮಾತ್ರ ನನ್ನನ್ನು ಸಿಮೆಂಟ್ ಮೂಟೆ ಮಾರುವವನೆಂದೇ ತಿಳಿದಿದ್ದಾರೆ. ಆ ಸಂಜೆ ಅದನ್ನು ಸರಿಪಡಿಸಬೇಕಿತ್ತು.

“ಬರೀ ಮಾತಾಡ್ಬೇಡಿ, ಏನಾದ್ರೂ ಮಾಡಿ ತೋರ್ಸಿ. ಇಲ್ದಿದ್ರೆ ಎಲ್ರೂ ಕ್ಯಾಂಟೀನಿಗೆ ಎದ್ದು ಹೋಗ್ತಾರೆ,” ಎಂದಿದ್ದಳು ಹೆಂಡತಿ ಸುಧಾ.

ಮಾಡಿ ತೋರಿಸಿದೆ. ಎಲೆಯಡಿಕೆಯ ಸುಣ್ಣ ಕದಡಿ, ತಿಳಿಯಾದ ನೀರನ್ನು ಗಾಜಿನ ಲೋಟಕ್ಕೆ ಬಸಿದು, ಸ್ಟ್ರಾ ಹಾಕಿ ಊದಿದೆ. ನೀರು ಬೆಳ್ಳಗಾಯಿತು. “ನನ್ನ ಉಸಿರಿನ ಇಂಗಾಲ ಈಗ ಸುಣ್ಣದ ಕೈಯಲ್ಲಿ ಸೆರೆ!” ಎಂದೆ. ಚಪ್ಪಾಳೆ ಬಿತ್ತು. ಲೋಟವನ್ನು ಮೇಜಿನ ಮೇಲಿಟ್ಟು ಖರ್ಚಿನ ವಿಷಯಕ್ಕೆ ಬಂದೆ.

ಆಡಿಟರ್ ಕಾಮತರು ಎದ್ದು ನಿಂತರು. “ಹಿಡಿಯಲಿಕ್ಕೆ ಕರೆಂಟ್ ಬೇಕು, ಕರೆಂಟಿಗೆ ಕಲ್ಲಿದ್ದಲು, ಅದರಿಂದ ಪುನಃ ಹೊಗೆ. ಕೆಸರು ಕಾಲಲ್ಲಿ ನಿಂತು ನೆಲ ಒರೆಸಿದ ಹಾಗಲ್ವಾ ಮಾರಾಯ್ರೆ? ಕಡೆಗೆ ಸಿಮೆಂಟ್ ರೇಟ್ ಏರಿ ನಮ್ಮ ಫ್ಲ್ಯಾಟಿನ ತಲೆ ಮೇಲೆ ಬರ್ತದೆ.”

“ದುಬಾರಿ ಆಗೋದು ನಿಜ ಸರ್. ಆದ್ರೆ ಸಿಮೆಂಟಿಗೆ ಸುಣ್ಣಕಲ್ಲು ಸುಟ್ಟಾಗ ಕಲ್ಲಿಂದಲೇ ಬರೋ ಅನಿಲಕ್ಕೆ ಬೇರೆ ದಾರಿ ಕಡಿಮೆ,” ಎಂದೆ.

ಅಷ್ಟರಲ್ಲಿ ಸಂಘದ ಅಧ್ಯಕ್ಷರಾದ, ಹೋಟೆಲ್ ಮಾಲೀಕ ಶೆಟ್ಟರು ಬೆವರೊರೆಸುತ್ತಾ ತಡವಾಗಿ ಬಂದು ವೇದಿಕೆಯಲ್ಲಿ ಕುಳಿತರು. ನಮ್ಮ ಸಂಘದಲ್ಲಿ ವೇದಿಕೆ ಹತ್ತಿದವರಿಗೆ ಮೊದಲು ಮಜ್ಜಿಗೆ, ಅದೂ ಅವರದೇ ಹೋಟೆಲಿನದು. ಎದುರಿಗೆ ಬೆಳ್ಳಗಿನ ಲೋಟ. ನಾನು ಕೈಯೆತ್ತುವಷ್ಟರಲ್ಲಿ ಖಾಲಿ.

“ಇವತ್ತು ಉಪ್ಪೇ ಹಾಕ್ಲಿಲ್ಲ,” ಎಂದರು ಶೆಟ್ಟರು.

ಮುಂದಿನ ಸಾಲಿನ ಡಾಕ್ಟರಮ್ಮ ನನ್ನ ಮುಖ ನೋಡಿ, “ಗಾಬರಿ ಬೇಡ, ಅಸಿಡಿಟಿ ಮಾತ್ರೆಯಲ್ಲಿರೋದೂ ಇದೇ,” ಎಂದು ಪಿಸುಗುಟ್ಟಿದರು. ನಾನು ಊದಿದ್ದರ ಬಗ್ಗೆ ಅವರು ಏನೂ ಹೇಳಲಿಲ್ಲ.

ಕಾಮತರು ಇನ್ನೂ ನಿಂತೇ ಇದ್ದರು. “ಖರ್ಚು ಬಿಡಿ. ಒಳಗೆ ಹಾಕಿದ್ದು ಒಳಗೇ ಇರ್ತದೆ ಅಂತ ಎಂತ ಗ್ಯಾರಂಟಿ?”

ಇದು ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಪ್ರಶ್ನೆ. “ಸರಿಯಾದ ಜಾಗ ಆರಿಸಿ, ಮೇಲೆ ಗಟ್ಟಿ ಬಂಡೆಯ ಮುಚ್ಚಳ ಇದ್ರೆ, ಸಾವಿರಾರು ವರ್ಷ ಅದು ಮಿಸುಕೋದಿಲ್ಲ ಸರ್…”

ಹುಳಿ ತಾಗಿದರೆ ಸುಣ್ಣ ತನ್ನ ಸೆರೆಯಾಳನ್ನು ಬಿಟ್ಟುಕೊಡುತ್ತದೆ ಎಂಬುದು ನನಗೆ ಗೊತ್ತಿತ್ತು. ಶೆಟ್ಟರ ಹೊಟ್ಟೆಯಲ್ಲಿ ಹುಳಿಗೇನೂ ಬರವಿರಲಿಲ್ಲ.

ಅವರು ಮೇಜಿನ ಮೇಲಿದ್ದ ಮೈಕಿನೊಳಗೆ ದೀರ್ಘವಾಗಿ ತೇಗಿದರು.

“ಉತ್ತರ ಸಿಕ್ಕಿತು,” ಎಂದು ಕಾಮತರು ಕೈಮುಗಿದು ಕುಳಿತರು.

ಇಡೀ ಸಂಜೆ ಸಭೆಗೆ ಪೂರ್ತಿ ಅರ್ಥವಾದದ್ದು ಆ ತೇಗೊಂದೇ. ಅದೂ ನನ್ನದಲ್ಲ. ಒಳಗಿನ ಗಾಳಿ ಮಾತ್ರ ನನ್ನದು.