ವೆಳ್ಳಿಮಣಲಿನ ಮನೆ ಮಾರಾಟಕ್ಕಿದೆ

ಅಯ್ಯಾಸಾಮಿ: ಎರಡೂವರೆ ಸೆಂಟ್ ಜಾಗ ಕಣೇ. ನಮ್ಮ ಎಮ್ಮೆ ಕಟ್ಟೋ ಕೊಟ್ಟಿಗೆನೇ ಮೂರು ಸೆಂಟ್ ಐತೆ.

ರಾಮಾತಾಳ್: ಎಮ್ಮೆಗೆ ಮನೆ ಕೇಳ್ತಿಲ್ಲ. ನನಗೆ ಕೇಳ್ತಿದೀನಿ.

ಅಯ್ಯಾಸಾಮಿ: ಅದಕ್ಕೆ ಒಂದು ಕೋಟಿ ಅರವತ್ತು ಲಕ್ಷ ಅಂತಾನೆ ಈ ಮುದುಕ. ಮುಖ ನೋಡು, ಇಳಿಸೋ ಜಾತಿ ಅಲ್ಲ. ನಾನು ಒಂದೂ ಇಪ್ಪತ್ತರಿಂದ ಸುರು ಮಾಡ್ತೀನಿ. ಒಂದೂ ನಲವತ್ತೈದು ದಾಟಿದ್ರೆ ಎದ್ದು ಹೋಗೋದೇ. ನೀನು ಮುಖದಲ್ಲಿ ಏನೂ ತೋರಿಸಬ್ಯಾಡ.

‘ಈ ಮುದುಕ’ ಎಂದರೆ ನಮ್ಮ ಮಾವ ವ್ಯಾಸರಾಯರು. ಮೂರಡಿ ದೂರದಲ್ಲಿ, ಎದುರಿನ ಸೋಫಾದಲ್ಲೇ ಕೂತಿದ್ದರು. ತಮಿಳು ಸೀಮೆಯ ಸಿಂಗಾನಲ್ಲೂರಿನ ಈ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಅದು ಬಂದವರಿಗೆ ಹೇಗೆ ಗೊತ್ತಾಗಬೇಕು? ಬ್ರೋಕರ್ ಶರವಣನ್ ಈ ಗಂಡ ಹೆಂಡತಿಯನ್ನು ಉಡುಮಲೈಪೇಟೆಯಿಂದ ಕಾರಿನಲ್ಲಿ ಕರೆತರುವಾಗ ‘ಓನರ್ ತೆಲುಗಿನವರು’ ಎಂದು ಹೇಳಿದ್ದನಂತೆ. ಅವನ ಲೆಕ್ಕದಲ್ಲಿ ಹೆಸರಿನಲ್ಲಿ ರಾಯ ಇದ್ದವರೆಲ್ಲ ತೆಲುಗರೇ. ಅಯ್ಯಾಸಾಮಿ ಗೋಡೆಯ ಮೇಲಿನ ಮಠದ ಕ್ಯಾಲೆಂಡರ್ ನೋಡಿ, ಓದಲು ಬಾರದ ಅಕ್ಷರ ಕಂಡು, ತೆಲುಗೇ ಎಂದು ಖಾತ್ರಿ ಮಾಡಿಕೊಂಡರು. ಅವರ ಮನೆಮಾತೂ ಕನ್ನಡವೇ, ಆದರೆ ಓದು ಬರಹವೆಲ್ಲ ತಮಿಳಿನಲ್ಲಿ. ಹಾಗಾಗಿ ನಮ್ಮೊಡನೆ ತಮಿಳಲ್ಲಿ ವ್ಯಾಪಾರ, ಹೆಂಡತಿಯೊಡನೆ ಕನ್ನಡದಲ್ಲಿ ಗುಟ್ಟು. ಆ ಕನ್ನಡಕ್ಕೂ ಮರ್ಯಾದೆಗೆಂದು ತಮಿಳಿನ ‘ಉಂಗ’ ಬಾಲ.

ನಾನು ಸೊಸೆ ಪದ್ಮಪ್ರಿಯಾ. ನನ್ನ ಬಾಯಿ ಸುಮ್ಮನಿರುವುದಲ್ಲ. ‘ಅಯ್ಯೋ, ನೀವೂ ಕನ್ನಡದವರಾ’ ಎಂದು ಕೇಳಲು ಹೊರಟಿದ್ದೆ. ಮಾವ ಒಂದು ನೋಟದಲ್ಲೇ ತಡೆದರು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಇದ್ದ ಮನುಷ್ಯ. ಗಿರಾಕಿಯೇ ತನ್ನ ಕೊನೆಯ ಬೆಲೆಯನ್ನು ಎದುರಿಗೆ ಕೂತು ಓದಿ ಹೇಳುವ ಭಾಗ್ಯ ಅವರಿಗೆ ಯಾವತ್ತೂ ಬಂದಿರಲಿಲ್ಲ.

ಮಾರಬೇಕಿದ್ದ ಮನೆ ಇರುವುದು ವೆಳ್ಳಿಮಣಲ್ ಎಂಬ ಕಡಲ ಹಳ್ಳಿಯಲ್ಲಿ. ನಲವತ್ತು ಮನೆ, ಒಂದು ಗುಡಿ, ಒಂದು ಟೀ ಅಂಗಡಿ. ಯಾರೋ ದೊಡ್ಡವರು ಅಲ್ಲಿ ಮನೆ ತಗೊಂಡರೆಂದು ಉಳಿದ ದೊಡ್ಡವರೂ ಹಿಂದೆ ಬಿದ್ದು, ಈಗ ಅಲ್ಲಿ ಟೀಗೂ ನಲವತ್ತು ರೂಪಾಯಿ. ಟ್ಯಾಕ್ಸ್ ಉಳಿಯುತ್ತದೆಂದು ಮಾವ ಆ ಮನೆಯನ್ನು ಅತ್ತೆಯ ಹೆಸರಿನಲ್ಲಿ ತಗೊಂಡಿದ್ದರು. ತಗೊಳ್ಳುವಾಗ ಅತ್ತೆಯನ್ನು ಕೇಳಿರಲಿಲ್ಲ. ಮಾರುವಾಗಲೂ ಕೇಳಿರಲಿಲ್ಲ.

ಆ ಹೊತ್ತಿಗೆ ನಮ್ಮತ್ತೆ ರುಕ್ಮಿಣಮ್ಮ ಕಾಫಿ ತಟ್ಟೆ ಹಿಡಿದು ಒಳಗಿನಿಂದ ಬಂದರು. ಬಂದವರ ಗುಟ್ಟು ಅವರಿಗೇನು ಗೊತ್ತು? ಅವರು ಬಾಯಿ ತೆರೆದರೆ ಮಾವನ ಆಟ ಮುಗಿಯಿತು.

ವ್ಯಾಸರಾಯ: (ತಟ್ಟನೆ, ತಮಿಳಿನಲ್ಲಿ) ವಾ ಮಾ ರುಕ್ಮಿಣಿ, ಉಕ್ಕಾರು.

ಬಾ, ಕೂತ್ಕೋ ಎಂದದ್ದಕ್ಕೆ ಅತ್ತೆ ಅಲ್ಲೇ ನಿಂತರು. ಮದುವೆಯಾಗಿ ನಲವತ್ಮೂರು ವರ್ಷಕ್ಕೆ ಗಂಡ ತಮಿಳಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವರು ಏನಾದರೂ ಕೇಳುವ ಮೊದಲೇ ಮಾವ ಬಂದವರ ಕಡೆ ತಿರುಗಿ, ನನ್ನ ಹೆಂಡತಿಗೆ ಗಂಟಲು ನೋವು, ಮೂರು ದಿನ ಮಾತೇ ಆಡಬಾರದೆಂದು ಡಾಕ್ಟರ್ ಹೇಳಿದ್ದಾರೆ ಎಂದು ತಮಿಳಲ್ಲಿ ವಿವರಿಸಿದರು. ರಾಮಾತಾಳ್ ಪಾಪ, ಶುಂಠಿ ಕಷಾಯ ಕುಡಿಯಿರಿ ಎಂದರು. ಗಂಟಲು ಚೆನ್ನಾಗಿಯೇ ಇದ್ದ ನಮ್ಮತ್ತೆ ತಟ್ಟೆ ಇಟ್ಟು, ಗಂಡನ ಹಣೆ ಮುಟ್ಟಿ ಜ್ವರ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಇವರಿಗೆ ತಲೆಗೇನಾದರೂ ಆಯಿತಾ ಎಂದು ಕೈಸನ್ನೆಯಲ್ಲಿ ಕೇಳಿದರು. ನಾನು ಕೂತುಕೊಳ್ಳಿ ಎಂದು ಸನ್ನೆ ಮಾಡಿದೆ.

ಅಯ್ಯಾಸಾಮಿ ತಮಿಳಲ್ಲಿ ಒಂದೂ ಇಪ್ಪತ್ತು ಎಂದರು. ಮಾವ ಬಹಳ ನೊಂದವರ ಹಾಗೆ ತಲೆಯಾಡಿಸಿ, ನಿಮಗಾಗಿ ಒಂದೂ ಐವತ್ತು ಎಂದರು. ಅಯ್ಯಾಸಾಮಿ ಕಾಫಿ ಕುಡಿಯುವ ನೆಪದಲ್ಲಿ ಹೆಂಡತಿಯ ಕಡೆ ವಾಲಿದರು.

ಅಯ್ಯಾಸಾಮಿ: ಬಗ್ತಾ ಅವ್ನೆ. ಆದ್ರೂ ನನಗೆ ಮನಸ್ಸಿಲ್ಲ. ಅಲ್ಲಿ ಹೋಗಿ ಏನು ಮಾಡ್ತೀಯ? ಮರ ಇಲ್ಲ, ಮಟ್ಟೆ ಇಲ್ಲ. ಸಮುದ್ರನ ಎಷ್ಟೊತ್ತು ನೋಡ್ತೀಯ? ಅದು ಏನು ಬೆಳೀತದಾ?

ಅತ್ತೆಯ ಕಿವಿ ನೆಟ್ಟಗಾಯಿತು. ಗಂಡ ಯಾಕೆ ತಮಿಳಾಡಿದರೆಂದು ಆಗ ಅರ್ಥವಾಯಿತು. ಮುಖ ಕೆಂಪಗಾಯಿತು.

ರಾಮಾತಾಳ್: ಹದಿನೆಂಟಕ್ಕೆ ನಿಮ್ಮಪ್ಪ ಕಟ್ಟಿದ ಮನೆಗೆ ಬಂದೆ. ಆಮೇಲೆ ನಿಮ್ಮಣ್ಣ ಕಟ್ಟಿದ್ದು. ಈಗ ಮಗ ಕಟ್ಟಿದ್ದು. ಒಂದು ಕಿಟಕಿ ಎಲ್ಲಿಡೋದು ಅಂತ ಯಾರೂ ನನ್ನ ಕೇಳ್ನಿಲ್ಲ. ಫೋಟೋದಲ್ಲಿ ಆ ಮಹಡಿ ಕಿಟಕಿ ನೋಡ್ದಾಗಿಂದ ನನಗೆ ಬ್ಯಾರೆ ಏನೂ ಬ್ಯಾಡ ಅನಿಸೈತೆ. ಅದೊಂದು ನನ್ನ ಹೆಸರಿಗೆ ಬೇಕು. ಎಷ್ಟಾದ್ರೂ ಕೊಡುಂಗ. ಸಾಲದಿದ್ರೆ ನನ್ನ ಬಳೆ ಮಾರುಂಗ.

ಆ ಹೆಂಗಸು ಇದನ್ನು ಹೇಳಿದ್ದು ಮುಖದಲ್ಲಿ ಏನೂ ತೋರಿಸದೆ, ಗಂಡ ಹೇಳಿಕೊಟ್ಟ ಹಾಗೆಯೇ. ನನಗೆ ಕೇಳಿಸಿದ್ದು ಆ ಕಿಟಕಿ. ಮಾವನಿಗೆ ‘ಎಷ್ಟಾದ್ರೂ’ ಒಂದೇ ಕೇಳಿಸಿತು.

ವ್ಯಾಸರಾಯ: (ತಮಿಳಿನಲ್ಲಿ, ಗಂಭೀರವಾಗಿ) ಮರೆತೇಬಿಟ್ಟಿದ್ದೆ. ತುಡಿಯಲೂರಿನಿಂದ ಇನ್ನೊಂದು ಪಾರ್ಟಿ ಸಂಜೆ ಬರ್ತಾರೆ. ಒಂದೂ ಎಂಬತ್ತು ಕೊಡ್ತಾರಂತೆ.

ರುಕ್ಮಿಣಮ್ಮ: (ಕನ್ನಡದಲ್ಲಿ) ಅಮ್ಮಾ, ಕೊಡಬೇಡಿ. ತುಡಿಯಲೂರಿಂದ ಯಾರೂ ಬರಲ್ಲ.

ಅಯ್ಯಾಸಾಮಿಯ ಲೋಟ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಶರವಣನ್ ಎಲ್ಲರ ಮುಖ ನೋಡಿ, ಮೇಡಂ ತೆಲುಗಲ್ಲಿ ಏನಂದರು ಎಂದು ನನ್ನನ್ನು ಕೇಳಿದ.

ಅಯ್ಯಾಸಾಮಿ: ನಿಮಗೆ ಕನ್ನಡ ಬರ್ತದಾಂಗ?

ವ್ಯಾಸರಾಯ: ಸ್ವಲ್ಪ ಸ್ವಲ್ಪ.

ಅಯ್ಯಾಸಾಮಿ: ಮುದುಕ ಅಂದದ್ದು?

ವ್ಯಾಸರಾಯ: ಅದು ಸರಿಯಾಗಿ ಕೇಳಿಸಲಿಲ್ಲ.

ಅತ್ತೆಗೆ ಇನ್ನು ತಡೆ ಇರಲಿಲ್ಲ. ಗಂಡನ ಪರವಾಗಿ ಕ್ಷಮೆ ಕೇಳಿದರು. ಆಮೇಲೆ, ಇಷ್ಟು ಆಸೆಪಟ್ಟು ಬಂದವರಿಗೆ ಮೋಸ ಮಾಡಿದರೆ ದೇವರು ಮೆಚ್ಚಲ್ಲ ಎಂದು ಆ ಮನೆಯ ಹುಳುಕನ್ನೆಲ್ಲ ಒಂದೊಂದಾಗಿ ಹೇಳತೊಡಗಿದರು. ಮಾವ ತಲೆಯ ಮೇಲೆ ಕೈಯಿಟ್ಟುಕೊಂಡರು.

ರುಕ್ಮಿಣಮ್ಮ: ಐದು ಗಂಟೆ ಮೇಲೆ ಬಸ್ಸೇ ಇಲ್ಲಮ್ಮಾ.

ರಾಮಾತಾಳ್: ಹಂಗಾದ್ರೆ ನಾದಿನೀರು ಯಾರೂ ರಾತ್ರಿ ಊಟಕ್ಕೆ ಬರಂಗಿಲ್ಲ.

ರುಕ್ಮಿಣಮ್ಮ: ಫೋನ್ ಸಿಗ್ನಲ್ ಸಿಗಲ್ಲ. ಗುಡಿ ಮೆಟ್ಟಿಲು ಹತ್ತಿ ನಿಂತ್ರೆ ಒಂದು ಗೆರೆ ಬರತ್ತೆ.

ರಾಮಾತಾಳ್: ಇವರು ದಿನಕ್ಕೆ ಹನ್ನೆರಡು ಸಲ ಮೋಟರ್ ಹಾಕ್ದ್ಯಾ, ಆಫ್ ಮಾಡ್ದ್ಯಾ ಅಂತ ಫೋನ್ ಮಾಡ್ತಾರೆ. ಫೋನಿಗೋಸ್ಕರ ಮೆಟ್ಟಿಲು ಹತ್ತೋಕೆ ಮಾತ್ರ ನನಗೆ ಕಾಲು ನೋವುಂಗ.

ಬಾವಿ ನೀರು ಉಪ್ಪು, ಒಂದು ಕರಿಬೇವಿನ ಗಿಡವೂ ಬದುಕಲ್ಲ ಎಂದರು ಅತ್ತೆ. ತೋಟಕ್ಕೆ ನೀರು ಕಟ್ಟಲು ಬಾ ಎಂದು ಮುಂಜಾನೆ ಯಾರೂ ಎಬ್ಬಿಸಲ್ಲ ಎಂದರು ರಾಮಾತಾಳ್. ಉಪ್ಪು ಗಾಳಿಗೆ ಟಿವಿ ಎರಡು ಸಲ ಕೆಟ್ಟಿತು ಎಂದದ್ದಕ್ಕೆ, ಆ ನ್ಯೂಸ್ ಜಗಳ ಕೇಳುವುದು ತಪ್ಪಿತು ಎಂದರು. ಸಿಲಿಂಡರ್ ಬರುವುದು ಯಾವತ್ತೋ ಗೊತ್ತಿಲ್ಲ, ಹತ್ತು ಜನ ಬಂದರೆ ಅಡುಗೆಗೆ ಸಾಲದು ಎಂದಾಗಲಂತೂ ಆಕೆಯ ಮುಖದಲ್ಲಿ ಕಂಡ ಕಳೆ ನೋಡಬೇಕಿತ್ತು.

ಅತ್ತೆ ಹೇಳುವುದನ್ನು ನಿಲ್ಲಿಸಿದರು. ಕುರ್ಚಿ ಎಳೆದುಕೊಂಡು ಕೂತರು.

ರುಕ್ಮಿಣಮ್ಮ: ಪದ್ಮಾ, ಆ ಮನೆಗೆ ನಾನು ಎಷ್ಟು ಸಲ ಹೋಗಿದೀನಿ?

ನಾನು: ಹನ್ನೊಂದು ಸಲ.

ರುಕ್ಮಿಣಮ್ಮ: ಹನ್ನೊಂದು ಸಲವೂ ಇವರ ಅಕ್ಕ, ತಮ್ಮ, ಅವರ ಮಕ್ಕಳು, ಒಟ್ಟು ಹದಿನಾರು ಜನ. ಹನ್ನೊಂದು ಸಲವೂ ಇಡ್ಲಿಗೆ ರುಬ್ಬಿ, ಪಾತ್ರೆ ತೊಳೆದು ಬಂದೆ. ಸಮುದ್ರಕ್ಕೆ ಕಾಲು ಇಟ್ಟದ್ದು ಒಂದೇ ಸಲ, ಅದೂ ಇವರ ತಮ್ಮನ ಚಪ್ಪಲಿ ತೇಲಿಹೋಯ್ತು ಅಂತ. ಒಬ್ಬಳೇ ಹೋಗಬಹುದು ಅಂತ ನನಗೆ ಹೊಳೀಲೇ ಇಲ್ಲ. ಈ ಅಮ್ಮ ಬಂದು ಹೇಳಬೇಕಾಯ್ತು.

ವ್ಯಾಸರಾಯ: ಏನು ಹೇಳ್ತಿದೀ ನೀನು?

ರುಕ್ಮಿಣಮ್ಮ: ಮನೆ ಮಾರಲ್ಲ. ಸೈನ್ ನಂದು.

ಅಯ್ಯಾಸಾಮಿ ಸದ್ಯ ಬದುಕಿದೆ ಎಂದು ಎದ್ದೇ ನಿಂತರು. ರಾಮಾತಾಳ್ ಏಳಲಿಲ್ಲ. ಒಬ್ಬರು ಮನಸ್ಸು ಬಿಚ್ಚಿದ್ದಕ್ಕೆ ಇನ್ನೊಬ್ಬರಿಗೆ ಮನೆ ಸಿಕ್ಕಿತು ಎಂದು ನನಗೇ ಸಿಟ್ಟು ಬಂತು. ಆಕೆ ಚೀಲದ ಹಿಡಿಯನ್ನು ಸುತ್ತಿ ಸುತ್ತಿ ಬಿಚ್ಚುತ್ತ, ಇರಲಿ, ನಿಮ್ಮ ಮನೆ, ನೀವು ಚೆನ್ನಾಗಿರಿ ಎನ್ನುತ್ತ ಏಳಹೊರಟರು. ಕಣ್ಣು ತುಂಬಿತ್ತು.

ರುಕ್ಮಿಣಮ್ಮ: ಎಲ್ಲಿಗೆ ಹೊರಟ್ರಿ? ನನಗೆ ಮಂಡಿ ನೋವು, ಮೆಟ್ಟಿಲು ಹತ್ತಲ್ಲ. ಮಹಡಿ ನಿಮ್ಮದು. ಕಿಟಕಿ ಸಮೇತ ನಿಮ್ಮ ಹೆಸರಿಗೇ ರಿಜಿಸ್ಟರ್ ಮಾಡೋಣ. ನಿಮ್ಮೆಜಮಾನ್ರು ಅಂದ ಒಂದೂ ಇಪ್ಪತ್ತರಲ್ಲಿ ಅರ್ಧ ಕೊಡಿ.

ರಾಮಾತಾಳ್: ನಾನು ಕೋಳಿ ತಿನ್ನೋಳುಂಗ.

ರುಕ್ಮಿಣಮ್ಮ: ತಿನ್ನಿ. ಗಾಳಿ ಸಮುದ್ರದ ಕಡೆ ಬೀಸೋವಾಗ ಮಾಡ್ಕೊಳ್ಳಿ.

ರಾಮಾತಾಳ್ ಎರಡು ಕೈಯಲ್ಲೂ ಅತ್ತೆಯ ಕೈ ಹಿಡಿದುಕೊಂಡರು. ಇಬ್ಬರೂ ಯಾವ ತಿಂಗಳಿಗೆ ಹೋಗುವುದು, ದಿಂಬು ಎಷ್ಟು ಬೇಕು, ಯಾವ ಸಂಬಂಧಿಕರಿಗೆ ವಿಳಾಸ ಹೇಳಬಾರದು ಎಂದು ಆಗಲೇ ಶುರು ಮಾಡಿದ್ದರು. ಇಷ್ಟು ಹೊತ್ತು ಒಬ್ಬರನ್ನೊಬ್ಬರು ಬೀಳಿಸಲು ನೋಡುತ್ತಿದ್ದ ಗಂಡಸರಿಬ್ಬರೂ ಒಂದೇ ಸೋಫಾದಲ್ಲಿ ಬಂದು ಕೂತಿದ್ದರು.

ಅಯ್ಯಾಸಾಮಿ: ನಾವು ಬಂದ್ರೆ ಎಲ್ಲಿ ಮಲಗೋದುಂಗ?

ಅತ್ತೆ ಶರವಣನ್ ಕಡೆ ತಿರುಗಿ, ಅವನಿಗೆ ತಿಳಿಯುವ ಹಾಗೆ ಅಚ್ಚ ತಮಿಳಿನಲ್ಲಿ ವಿಷಯವನ್ನೆಲ್ಲ ಹೇಳಿದರು. ಮಹಡಿ ಮಾರಾಟದ ಕಮಿಷನ್ ಸಿಗುತ್ತದೆ, ಅದಲ್ಲದೆ ಆ ಊರಲ್ಲಿ ಬಾಡಿಗೆಗೆ ಒಂದು ಸಣ್ಣ ರೂಮು ನೋಡಿಕೊಡು, ಈ ಇಬ್ಬರಿಗೂ ಸೇರಿ ಒಂದೇ ಸಾಕು, ಕಡಲು ಕಾಣಬೇಕಾಗಿಲ್ಲ ಎಂದರು.

ಶರವಣನ್ ಡೈರಿ ತೆಗೆದು, ಹೊಸ ಹಾಳೆ ತಿರುಗಿಸಿ, ಸೋಫಾದ ಕಡೆ ಬಂದು ನೀವೇ ಹೇಳಿ ಎಂಬ ಹಾಗೆ ಬಹಳ ಮರ್ಯಾದೆಯಿಂದ ನಿಂತ.

ಶರವಣನ್: ಸೊಲ್ಲುಂಗ ಸಾರ್. ಬಜೆಟ್ ಎಷ್ಟು?