ಬಚ್ಚಲುಮನೆ ಬಾಗಿಲಿನ ರಂಗಪ್ರವೇಶ

ಇತಿಹಾಸದ ಮೇಷ್ಟ್ರು ಹೇಳುವವರೇ ಹೊರತು ಹೇಳಿಸಿಕೊಳ್ಳುವವರಲ್ಲ. ಮದುವೆಯಾದ ವಾರಕ್ಕೇ ಅವರ ಹೆಂಡತಿ ಕೊಟ್ಟ ತೀರ್ಪು ಇದು. ಮೇಲ್ಮನವಿಗೆ ಇದುವರೆಗೂ ಆಧಾರ ಸಿಕ್ಕಿರಲಿಲ್ಲ.

ಹೈಸ್ಕೂಲುಗಳ ಏಕಾಂಕ ನಾಟಕ ಸ್ಪರ್ಧೆಯಲ್ಲಿ ಮೇಷ್ಟ್ರ ಶಾಲೆ ಒಮ್ಮೆಯೂ ಫಲಕ ಗೆದ್ದದ್ದಿಲ್ಲ. ಹೋದ ವರ್ಷ ನಾಟಕದ ಅಪ್ಪ ಸಿಟ್ಟಿನಿಂದ ಬಡಿದದ್ದು ಬಟ್ಟೆಯ ಬಾಗಿಲು. ಅದು ಬಡಿದುಕೊಳ್ಳುವ ಬದಲು ನಾಚಿಕೊಂಡಿತ್ತು.

"ಈ ಸಲ ನಿಜವಾದ ಬಾಗಿಲು! ಸದ್ದಿಗೆ ತೀರ್ಪುಗಾರರ ಕುರ್ಚಿ ನಡುಗಬೇಕು!" ಎಂದು ಗುಡುಗಿದ ಮೇಷ್ಟ್ರು ಸ್ಕ್ರೂಡ್ರೈವರ್ ಹಿಡಿದು ಸ್ವಂತ ಮನೆಯ ಬಚ್ಚಲಿನ ಮೇಲೆಯೇ ದಂಡೆತ್ತಿ ಹೋದರು.

"ರೀ, ನಾನು ಸ್ನಾನ ಎಲ್ಲಿ ಮಾಡ್ಲಿ?"

"ಪರದೆ ಕಟ್ಟಿದೀನಲ್ಲ."

"ಓಹೋ! ಗಂಟೆ ಹೊಡೆದು, ಕಲಾವಿದರ ಪರಿಚಯಾನೂ ಮಾಡ್ಬಿಡಿ!"

"ಕಲೆಗೆ ತ್ಯಾಗ ಬೇಕು ಕಣೇ."

"ಕಲೆ ನಿಮ್ದು, ತ್ಯಾಗ ನಂದು. ಹೋಗ್ಲಿ, ಆ ಚಿಲಕದ ಬುದ್ಧಿ ಮಕ್ಕಳಿಗೆ ಹೇಳ್ಕೊಡಿ."

"ನಿರ್ದೇಶಕ ನಾನಾ, ನೀನಾ?"

ಆ ಬಾಗಿಲನ್ನು ಜೋರಾಗಿ ಎಳೆದುಕೊಂಡರೆ ಒಳಗಿನ ಚಿಲಕ ತಾನಾಗಿ ಬೀಳುತ್ತದೆ. ಆಗ ಹೊರಗಿದ್ದವರು ಬಾಗಿಲನ್ನು ತುಸು ಎತ್ತಿ, ಕೆಳಗೊಂದು ಒದೆ ಕೊಡಬೇಕು. ಮನೆಯಲ್ಲಿ ಎಲ್ಲರಿಗೂ ಇದು ಹಲ್ಲುಜ್ಜಿದಷ್ಟೇ ರೂಢಿ. ಹಲ್ಲುಜ್ಜುವುದನ್ನು ಯಾರಾದರೂ ತಾಲೀಮು ಮಾಡಿಸುತ್ತಾರೆಯೇ?

ಸ್ಪರ್ಧೆಯ ದಿನ ನಾಟಕದ ಅಪ್ಪ ಮುನಿಸಿಕೊಂಡು ಹೊರನಡೆದು ಬಾಗಿಲು ಬಡಿದ. ಆಹಾ, ಸಿಡಿಲು! ಹಿಂದೆಯೇ 'ಟಕ್' ಎಂದು ಚಿಲಕ ಬಿತ್ತು. ಮುಂದೆ ಬರಬೇಕಾದ ಅಮ್ಮ, ಅತ್ತೆ, ಡಾಕ್ಟರು, ಪೊಲೀಸು ಎಲ್ಲರೂ ಬಾಗಿಲಾಚೆ. ಈಚೆ ಉಳಿದವಳು ನಡೆಯಲಾರದ ಅಜ್ಜಿಯ ಪಾತ್ರದ ಹುಡುಗಿಯೊಬ್ಬಳೇ. "ಆಕಾಶ ಕಳಚಿ ಬಿದ್ರೂ ಕುರ್ಚಿಯಿಂದ ಏಳಕೂಡದು, ಕೆಮ್ಮುತ್ತಾ ಇರು" ಎಂದು ಅವಳಿಗೆ ಮೇಷ್ಟ್ರ ಕಟ್ಟಾಜ್ಞೆ. ಮೇಷ್ಟ್ರು ಸೈಡ್ ವಿಂಗಿನಿಂದ ಚಿಲಕ ತೆಗೆಯೆಂದು ಎರಡೂ ಕೈಯಲ್ಲಿ ಸನ್ನೆ ಮಾಡಿದರು. ವಿಧೇಯ ಹುಡುಗಿ ಇನ್ನೂ ಜೋರಾಗಿ ಕೆಮ್ಮಿದಳು. ತಾವೇ ನುಗ್ಗೋಣವೆಂದರೆ, ನಿರ್ದೇಶಕರು ರಂಗದ ಮೇಲೆ ಕಾಲಿಟ್ಟರೆ ತಂಡವೇ ಸ್ಪರ್ಧೆಯಿಂದ ಹೊರಗೆ!

ಆಗ ಸಭೆಯ ನಡುವಿನಿಂದ ಮೇಷ್ಟ್ರಿಗೆ ಚಿರಪರಿಚಿತವಾದ ಕಂಠವೊಂದು ಮೊಳಗಿತು: "ಎತ್ತಿ ಒದೀರೋ!"

ಎತ್ತಿದರು, ಒದ್ದರು. ಚೌಕಟ್ಟು ಸಮೇತ ಬಾಗಿಲು, ಬಾಗಿಲ ಮೇಲೆ ಸಮಸ್ತ ಸಂಸಾರ ಧೊಪ್ಪನೆ ರಂಗಪ್ರವೇಶ ಮಾಡಿದವು. ಅಜ್ಜಿ ಆಗಲೂ ಏಳಲಿಲ್ಲ. "ಬಂದ್ರಾ? ಬಾಗ್ಲು ಹಾಕ್ಕೊಂಡು ಬನ್ನಿ" ಎಂದು ಕೆಮ್ಮಿದಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು.

ನಾಟಕಗಳೆಲ್ಲ ಮುಗಿದ ಮೇಲೆ ಮುಖ್ಯ ತೀರ್ಪುಗಾರರು ಮೇಷ್ಟ್ರನ್ನು ವೇದಿಕೆಗೆ ಕರೆದರು. "ಪ್ರೇಕ್ಷಕರ ನಡುವೆಯೇ ಒಂದು ಪಾತ್ರವನ್ನ ಕೂರಿಸಿದ ನಿರ್ದೇಶನ ಅಪೂರ್ವ! ಫಲಕ ಇವರಿಗೇ! ಇದು ಹೇಗೆ ಹೊಳೀತು ಮೇಷ್ಟ್ರೇ?"

ಮೇಷ್ಟ್ರ ಮುಂದೆ ಮೈಕು, ಕೈಯಳತೆಯಲ್ಲಿ ಫಲಕ. ಸುಮ್ಮನೆ ನಕ್ಕಿದ್ದರೂ ಸಾಕಿತ್ತು.

"ಹೊಳೀಲಿಲ್ಲ ಸಾರ್. ಆಕೆ ಪಾತ್ರ ಅಲ್ಲ, ನಮ್ಮನೆಯವಳು. ಬಾಗ್ಲೂ ನಮ್ಮನೇದೇ. ಮಕ್ಕಳಿಗೆ ಹೇಳ್ಕೊಡಿ ಅಂದಿದ್ಲು, ನಾನು ಕೇಳ್ಲಿಲ್ಲ."

ಫಲಕ ಬೇರೆ ಶಾಲೆಗೆ ನಡೆಯಿತು. ಇವರ ಪಾಲಿಗೆ ಬಂದದ್ದು ಕೆಮ್ಮಿಗೆ ಅಭಿನಯದ ಬಹುಮಾನವೊಂದೇ.

ಸಂಜೆ ಬೀದಿಯಲ್ಲಿ ಬಾಗಿಲಿನ ಮುಂದಿನ ತುದಿಯನ್ನು ಮೇಷ್ಟ್ರು, ಹಿಂದಿನ ತುದಿಯನ್ನು ಹೆಂಡತಿ ಹಿಡಿದು ಮನೆಯ ಕಡೆ ಹೊರಟರು.

"ಕೈಗೆ ಬಂದಿದ್ದ ಫಲಕ. ಬಾಯಿ ಮುಚ್ಕೊಂಡಿರೋಕೆ ಇವತ್ತೂ ಆಗ್ಲಿಲ್ವಲ್ಲ ನಿಮ್ಗೆ!"

"ಹೂಂ."

"ನಿಮ್ಮ ಕಡೆ ತಗ್ಗಿದೆ. ಸ್ವಲ್ಪ ಎತ್ತಿ."

ಮೇಷ್ಟ್ರು ಎತ್ತಿದರು. ನಾಲ್ಕು ಹೆಜ್ಜೆ ನಡೆದು, ತಿರುಗಿ ನೋಡದೆಯೇ ಕೇಳಿದರು:

"ಒದೀಲೂ ಬೇಕಾ?"