ಪ್ರೋಟೀನಿಗಾಗಿ ನಿಂತ ಮಿಕ್ಸಿ

ಗಂಡ ಹೆಂಡಿರ ಜಗಳಕ್ಕೆ ದೊಡ್ಡ ಕಾರಣ ಬೇಕಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕಾರಣ ಎಷ್ಟು ಚಿಕ್ಕದಿರಬಹುದು ಎಂಬುದಕ್ಕೂ ಒಂದು ಮಿತಿ ಬೇಡವೇ? ನಮ್ಮ ಮನೆಯ ಜಗಳದ ಕಾರಣ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ.

ನಾನು ಸಾಗರದಲ್ಲಿ ಪತ್ರಿಕೆಯೊಂದರ ವರದಿಗಾರ. ಹೆಂಡತಿ ಸುಮತಿ ರಸಾಯನಶಾಸ್ತ್ರದ ಅಧ್ಯಾಪಕಿ, ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೂ ಸೇರಿದ್ದಾಳೆ. ಒಡಲಲ್ಲಿ ಕಬ್ಬಿಣದ ಪರಮಾಣು ಇಟ್ಟುಕೊಂಡ ಪ್ರೋಟೀನೊಂದು ಆಮ್ಲಜನಕವನ್ನು ಒಳಗೆ ಬಿಟ್ಟುಕೊಳ್ಳಲು ಹೇಗೆ ಮಿಸುಕುತ್ತದೆ ಎಂಬುದು ಅವಳ ವಿಷಯ. ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಸಲ ಮುಗಿದುಹೋಗುವ ಆ ಮಿಸುಕಾಟವನ್ನು ಲೆಕ್ಕ ಹಾಕಲು ನಮ್ಮ ಪಡಸಾಲೆಯ ಕಂಪ್ಯೂಟರಿಗೆ ಒಂಬತ್ತು ದಿನ! ಹೊಸನಗರದ ಸಭೆಯಲ್ಲಿ ಮೂರು ತಾಸು ಕೂತು, ಅದನ್ನು ಹದಿನೈದು ಸಾಲಿಗೆ ಇಳಿಸಿ ಸಂಜೆಯೊಳಗೆ ಕಳಿಸುವ ನಾನು ಇದನ್ನು ಹೇಗೆ ಸಹಿಸಲಿ?

ಅದೂ ಹೋಗಲಿ. ಆ ಒಂಬತ್ತು ದಿನವೂ ಮಿಕ್ಸಿ ನಿಷಿದ್ಧ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು; ಹೋದಾಗ ಇನ್ವರ್ಟರ್ ಕಂಪ್ಯೂಟರನ್ನು ಹೊರುತ್ತದೆ. ಮಿಕ್ಸಿಯನ್ನೂ ಹೊರಿಸಿದರೆ ಕೂಗಿಕೊಂಡು ಮಲಗಿಬಿಡುತ್ತದೆ.

"ಸೋಮವಾರ ಗೈಡ್ ಮೇಡಂಗೆ ಫಲಿತಾಂಶ ಕಳಿಸ್ಬೇಕು ಕಣ್ರೀ. ತಪ್ಪಿದ್ರೆ ಸೆಮಿನಾರ್‌ನಿಂದ ನನ್ನ ಹೆಸರು ತೆಗೀತಾರೆ," ಎಂದಳು.

"ಚಟ್ನಿಗೆ ಎಂತ ಮಾಡೋದು?"

"ಒರಳಿದೆ. ನಿಮಗೆ ತೋಳೂ ಇದೆ. ಇಂಥ ಪ್ರೋಟೀನು ನೋಡೇ ನಾಳೆ ಅಣುವಿನಷ್ಟು ಚಿಕ್ಕ ಯಂತ್ರ ಮಾಡ್ತಾರೆ, ಗೊತ್ತಾ?"

"ಅಲ್ಲೀವರೆಗೆ ಇರೋ ಯಂತ್ರ ಓಡ್ಸೋಕೆ ಬಿಡೇ ಮಾರಾಯ್ತಿ!"

ಬಿಡಲಿಲ್ಲ. ಎಂಟು ದಿನ ಅರೆದೆ. ಒಂಬತ್ತನೆಯ ದಿನ ಭಾನುವಾರ ಅವಳು ತೀರ್ಥಹಳ್ಳಿಗೆ ಮದುವೆಗೆ ಹೋದಾಗ, ಪ್ರಜಾಪ್ರಭುತ್ವದಲ್ಲಿ ಇಂಥ ನಿರ್ಬಂಧ ಸಲ್ಲದೆಂದು ಮಿಕ್ಸಿ ತಿರುಗಿಸಿದೆ. ಆಗಲೇ ಕರೆಂಟ್ ಹೋಗಿತ್ತೆಂದು ನನಗೆ ತಿಳಿದದ್ದು ಇನ್ವರ್ಟರ್ ಕೂಗಿದಾಗ. ಕಂಪ್ಯೂಟರ್ ಪರದೆ ಕಪ್ಪಾಯಿತು.

ಸಂಜೆ ಬಂದವಳಿಗೆ "ಕರೆಂಟ್ ಹೋಯ್ತು" ಎಂದೆ. ವರದಿಯಾಗಿ ನೋಡಿದರೆ ಅದರಲ್ಲಿ ಸುಳ್ಳಿಲ್ಲ. ಅವಳು ಲೈನ್‌ಮನ್ ನಾಗಪ್ಪನಿಗೆ ಫೋನ್ ಮಾಡಿ, ಇನ್ವರ್ಟರೂ ನಿಂತದ್ದನ್ನು ಹೇಳಿ, ಸ್ಪೀಕರ್‌ಗೆ ಹಾಕಿದಳು.

"ಹೋಗಿತ್ತು ಮೇಡಂ, ಹತ್ತೇ ನಿಮಿಷ. ಅಷ್ಟಕ್ಕೆ ನಿಮ್ಮ ಇನ್ವರ್ಟರ್ ಎಂತಕ್ಕೆ ಸತ್ತೋಯ್ತು? ಸಾರ್ ಎಂತಾದ್ರೂ ಹಾಕಿದ್ರಾ ಕೇಳಿ."

ಸುಮತಿ ಕೇಳಲಿಲ್ಲ, ಮಿಕ್ಸಿಯ ಜಾರನ್ನು ಮೂಸಿದಳು. "ನಿನ್ನೇವರೆಗಿನ ಲೆಕ್ಕ ಉಳಿದಿದೆ. ಇನ್ನೊಂದು ದಿನ ಬೇಕು," ಎಂದು ಗೈಡ್‌ಗೆ ಪತ್ರ ಬರೆಯಲು ಕೂತಳು. "ತಡಕ್ಕೆ ಕಾರಣ ಎಂತ ಅಂತ ಹಾಕ್ಲಿ? ವರದಿಗಾರರು, ನೀವೇ ಹೇಳಿ."

ತಪ್ಪು ಮುಚ್ಚಲು ಅಧಿಕಾರಿಗಳು ಆಡುವ ಎರಡು ಪದಗಳಿವೆ; ಅವನ್ನು ಕೇಳಿದಾಗಲೆಲ್ಲ "ಎಂಥ ಕಾರಣ? ಯಾರಿಂದ?" ಎಂದು ಗದರಿದವನು ನಾನು, ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವನ್ನು ಅಚ್ಚಿಗೆ ಬಿಟ್ಟಿಲ್ಲ. ಈಗ ಗಂಟಲು ಸರಿಮಾಡಿಕೊಂಡು, "ತಾಂತ್ರಿಕ ಕಾರಣ ಅಂತ ಹಾಕು," ಎಂದೆ.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಸುಮತಿ ಗಟ್ಟಿಯಾಗಿ ಓದಿದಳು: "ಮಂಗಳವಾರ ಕಳಿಸಿ, ಪರವಾಗಿಲ್ಲ. ಅಂಥ ತಾಂತ್ರಿಕ ಕಾರಣ ನಮ್ಮನೇಲೂ ಒಂದಿದೆ."